ಸವೆದ ಪಿಸ್ಟನ್ನಿನ ಸಾಕ್ಷ್ಯ

ರಾಜಾಜಿನಗರದ ಕೈಗಾರಿಕಾ ವಸಾಹತಿನಿಂದ ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ಸುಂಕದಕಟ್ಟೆಗಳನ್ನು ಹಾದು ಪೀಣ್ಯದವರೆಗೆ ಹರಡಿಕೊಂಡಿರುವ ಲೇತ್ ಮತ್ತು ಬೋರಿಂಗ್ ಕಾರ್ಯಾಗಾರಗಳ ಕೌಶಲವನ್ನು ನೆಚ್ಚಿಕೊಂಡೇ ಪಶ್ಚಿಮ ಬೆಂಗಳೂರಿನ ಹಳೆಯ ಟೂ-ಸ್ಟ್ರೋಕ್ ಮೋಟಾರ್‌ಸೈಕಲ್‌ಗಳು ಇಂದಿಗೂ ಓಡಾಡುತ್ತಿವೆ. ಪಿಸ್ಟನ್ ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುವಷ್ಟರಲ್ಲಿ, ಎಂದರೆ ಎರಡೇ ಚಲನೆಗಳಲ್ಲಿ, ಇಂಧನ ಚಕ್ರವನ್ನು ಮುಗಿಸುವ ಎಂಜಿನ್ನಿಗೆ ಟೂ-ಸ್ಟ್ರೋಕ್ ಎಂದು ಹೆಸರು. ಅಂಥ ಎಂಜಿನ್ನಿಗೆ ಬೋರಿಂಗ್ ಮಾಡಿಸಿ, ಎಂದರೆ ಸವೆದ ಸಿಲಿಂಡರನ್ನು ಕೊರೆದು ಅಗಲಿಸಿ, ಹೊಸ ಪಿಸ್ಟನ್ ಮತ್ತು ರಿಂಗ್ ಕೂರಿಸಿದ ಮೇಲೆಯೂ ಕೆಲವೇ ನೂರು ಕಿಲೋಮೀಟರುಗಳಲ್ಲಿ ಶಕ್ತಿ ಕುಂದಿ, ಸದ್ದು ಹೆಚ್ಚಿದರೆ ಕಾರಣವನ್ನು ಹೇಗೆ ನಿರ್ಧರಿಸಬೇಕೆಂಬುದು ಈ ಸಂವಾದದ ವಿಷಯ. ಚರ್ಚೆಗೆ ಆಧಾರವಾಗಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ರೋಡ್‌ಕಿಂಗ್ ಎಂಜಿನ್ನನ್ನು ಇಟ್ಟುಕೊಳ್ಳಲಾಗಿದೆ.

ಜಿಜ್ಞಾಸು: ಬೋರಿಂಗ್ ಆದ ಎಂಜಿನ್ನು ಇಷ್ಟು ಬೇಗ ಕೆಟ್ಟಿತೆಂದರೆ ಹೊಸದಾಗಿ ಹಾಕಿದ ಪಿಸ್ಟನ್ನೇ ಕಳಪೆಯಾಗಿತ್ತು ಎಂದು ತೀರ್ಮಾನಿಸುವುದು ಸಹಜವಲ್ಲವೇ? ಅದನ್ನು ತೆಗೆದು, ಇನ್ನೊಂದು ಕಂಪನಿಯ ಪಿಸ್ಟನ್ ಹಾಕಿದರೆ ಸಮಸ್ಯೆ ಮುಗಿಯಬೇಕು.

ಯಂತ್ರಜ್ಞ: ಕಳಪೆ ಪಿಸ್ಟನ್ ಇರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ; ಆದರೆ ಅದನ್ನು ಕೊನೆಯ ತೀರ್ಮಾನವಾಗಿ ಒಪ್ಪಬೇಕೇ ಹೊರತು ಮೊದಲ ಊಹೆಯಾಗಿ ಹಿಡಿಯಬಾರದು. ಪಿಸ್ಟನ್ ಸಾಮಾನ್ಯವಾಗಿ ಬೇರೆಯ ಯಾವುದೋ ದೋಷದ ಪರಿಣಾಮವನ್ನು ಅನುಭವಿಸುವ ಭಾಗವಾಗಿದ್ದು, ಆ ದೋಷ ಯಾವುದೆಂಬುದು ಅದರ ಮೈಮೇಲಿನ ಗುರುತುಗಳಲ್ಲಿ ದಾಖಲಾಗಿರುತ್ತದೆ. ಗುರುತುಗಳನ್ನು ಪರೀಕ್ಷಿಸದೆ ಪಿಸ್ಟನ್ನನ್ನು ಗುಜರಿಗೆ ಎಸೆದರೆ ಇದ್ದ ಒಂದೇ ಸಾಕ್ಷ್ಯ ನಾಶವಾಗುತ್ತದೆ, ಮೂಲದೋಷವು ಹಾಗೆಯೇ ಉಳಿದು ಮುಂದಿನ ಪಿಸ್ಟನ್ನನ್ನೂ ಅದೇ ಬಗೆಯಲ್ಲಿ ಹಾಳುಮಾಡುತ್ತದೆ.

ಜಿಜ್ಞಾಸು: ಎಲ್ಲ ಸವೆದ ಪಿಸ್ಟನ್ನುಗಳ ಮೈಮೇಲೂ ಉದ್ದುದ್ದ ಗೆರೆಗಳೇ ಇರುತ್ತವೆ. ಅವುಗಳಲ್ಲಿ ಭೇದವನ್ನು ಗುರುತಿಸುವುದು ಹೇಗೆ?

ಯಂತ್ರಜ್ಞ: ಗೆರೆಯ ಗುಣವನ್ನೂ ಅದು ಇರುವ ಸ್ಥಾನವನ್ನೂ ಒಟ್ಟಿಗೆ ನೋಡಿದರೆ ಭೇದ ಸ್ಪಷ್ಟವಾಗುತ್ತದೆ. ಗುಣದ ದೃಷ್ಟಿಯಿಂದ ಮೂರು ಬಗೆಗಳಿವೆ. ಸವೆತವೆಂದರೆ ಮೇಲ್ಮೈ ಸಮವಾಗಿ ತೇಯ್ದು ಮಾಸಿದ ಬೂದುಬಣ್ಣಕ್ಕೆ ತಿರುಗುವುದು. ಗೀರು ಎಂದರೆ ಗಟ್ಟಿಯಾದ ಕಣವೊಂದು ಪಿಸ್ಟನ್ನಿಗೂ ಸಿಲಿಂಡರ್ ಗೋಡೆಗೂ ನಡುವೆ ಸಿಕ್ಕಿ ಎಳೆದ ಸಪೂರವಾದ ಕಾಲುವೆ. ಗ್ಯಾರೇಜುಗಳಲ್ಲಿ ಸೀಜ್ ಎಂದು ಕರೆಯುವುದು ಎಣ್ಣೆಯ ಪದರ ಹರಿದು, ಅಲ್ಯೂಮಿನಿಯಂ ಕರಗುವಷ್ಟು ಬಿಸಿಯಾಗಿ ಗೋಡೆಗೆ ಮೆತ್ತಿಕೊಳ್ಳುವುದು. ಸೀಜ್ ಆದ ಜಾಗ ಹರಿದು ಹೊಳೆಯುತ್ತಿರುತ್ತದೆ, ಉಗುರಾಡಿಸಿದರೆ ತರಿತರಿಯಾಗಿ ತಾಗುತ್ತದೆ. ಈ ಮೂರಕ್ಕೂ ಕಾರಣಗಳು ಬೇರೆಬೇರೆಯಾದುದರಿಂದ ಮೂರನ್ನೂ ಒಂದೇ ಮಾತಿನಲ್ಲಿ ಸವೆತ ಎಂದು ಕರೆದರೆ ರೋಗನಿರ್ಣಯ ಅಲ್ಲಿಗೇ ದಾರಿ ತಪ್ಪುತ್ತದೆ.

ಜಿಜ್ಞಾಸು: ಸ್ಥಾನದ ದೃಷ್ಟಿಯಿಂದ ಏನನ್ನು ನೋಡಬೇಕು?

ಯಂತ್ರಜ್ಞ: ಯೆಜ್ಡಿ ಎಂಜಿನ್ನಿನಲ್ಲಿ ಕಾರ್ಬ್ಯುರೇಟರಿನಿಂದ ಮಿಶ್ರಣ ಒಳಗೆ ಬರುವ ಕಿಂಡಿಯನ್ನು ತೆರೆದು ಮುಚ್ಚುವುದು ಪಿಸ್ಟನ್ನಿನ ಕೆಳಭಾಗವಾದ ಸ್ಕರ್ಟೇ ಆಗಿದ್ದು, ಅದಕ್ಕೆ ಪ್ರತ್ಯೇಕ ಕವಾಟವಿಲ್ಲ. ಹೀಗಾಗಿ ಏರ್ ಫಿಲ್ಟರ್ ತಪ್ಪಿಸಿಕೊಂಡು ಬಂದ ಧೂಳು ಮೊದಲು ಬಡಿಯುವುದು ಹಿಂಭಾಗದ, ಎಂದರೆ ಒಳಹರಿವಿನ ಕಡೆಯ ಸ್ಕರ್ಟಿಗೆ. ಆ ಕಡೆ ಮಾತ್ರ ಮೇಲ್ಮೈ ಮಾಸಿ, ತಯಾರಿಕೆಯಲ್ಲಿ ಬಿದ್ದಿದ್ದ ಸೂಕ್ಷ್ಮವಾದ ಅಡ್ಡಗೆರೆಗಳು ಅಳಿಸಿಹೋಗಿದ್ದರೆ ಧೂಳನ್ನು ಸಂದೇಹಿಸಬೇಕು. ಕಾಮಗಾರಿಗಾಗಿ ಸದಾ ಅಗೆದಿರುವ ರಸ್ತೆಗಳಲ್ಲಿ ಓಡುವ ವಾಹನಕ್ಕೆ ಈ ಸಂದೇಹ ಇನ್ನಷ್ಟು ಸಲ್ಲುತ್ತದೆ. ಹೊಗೆ ಹೊರಹೋಗುವ ಮುಂಭಾಗದಲ್ಲಿ ಮಾತ್ರ ಸೀಜ್ ಗುರುತಿದ್ದರೆ ಅತಿಯಾದ ಬಿಸಿ ಅಥವಾ ಪೆಟ್ರೋಲ್ ಕಡಿಮೆಯಾದ ಮಿಶ್ರಣ ಕಾರಣವಾಗಿರುತ್ತದೆ, ಏಕೆಂದರೆ ಆ ಭಾಗ ಮೊದಲೇ ಎಲ್ಲಕ್ಕಿಂತ ಬಿಸಿಯಾಗಿದ್ದು ಎಣ್ಣೆಯ ಪದರ ಹರಿಯುವುದು ಅಲ್ಲಿಯೇ ಮೊದಲು. ಸುತ್ತಲೂ ಸೀಜ್ ಆಗಿದ್ದರೆ ಎಣ್ಣೆಯ ಕೊರತೆಯನ್ನು, ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಗಜನ್ ಪಿನ್ನಿನ ಎರಡೂ ಪಕ್ಕಗಳಲ್ಲಿ ಒಟ್ಟು ನಾಲ್ಕು ಮೂಲೆಗಳಲ್ಲಿ ಲಂಬವಾದ ಪಟ್ಟಿಗಳಿದ್ದರೆ ಪಿಸ್ಟನ್ನಿಗೂ ಗೋಡೆಗೂ ನಡುವಿನ ಅಂತರದ ಕೊರತೆಯನ್ನು ಪರಿಶೀಲಿಸಬೇಕು. ಒಂದು ಪಕ್ಕದಲ್ಲಿ ಮೇಲ್ಗಡೆಯೂ ಎದುರು ಪಕ್ಕದಲ್ಲಿ ಕೆಳಗಡೆಯೂ ಸವೆದಿದ್ದರೆ ಕನೆಕ್ಟಿಂಗ್ ರಾಡ್ ಬಾಗಿರುವುದರಿಂದ ಪಿಸ್ಟನ್ ಓರೆಯಾಗಿ ಚಲಿಸಿದೆಯೆಂದು ತಿಳಿಯಬೇಕು. ಪಿಸ್ಟನ್ನಿನ ತಲೆಯ ಅಂಚು ಇಲಿ ಕಚ್ಚಿದಂತೆ ಕೊರೆದುಹೋಗಿದ್ದರೆ ಮಿಶ್ರಣ ಕ್ರಮವಾಗಿ ಉರಿಯದೆ ಸ್ಫೋಟಿಸುತ್ತಿತ್ತೆಂದು ಅರ್ಥವಾಗುತ್ತದೆ. ಆಗ ಪಾಯಿಂಟ್ ಹೊಂದಾಣಿಕೆಯನ್ನು, ಎಂದರೆ ಕಿಡಿ ಹಾರುವ ಕ್ಷಣವನ್ನು, ಪರೀಕ್ಷಿಸದೆ ಮುಂದುವರಿಯಬಾರದು.

ಜಿಜ್ಞಾಸು: ಅಂತರದ ಕೊರತೆ ಎಂಬುದನ್ನು ಇನ್ನಷ್ಟು ಬಿಡಿಸಿ ಹೇಳಬೇಕಾಗಿದೆ. ಪಿಸ್ಟನ್ ಬಿಗಿಯಾಗಿದ್ದಷ್ಟೂ ಕಂಪ್ರೆಶನ್ ಚೆನ್ನಾಗಿರುತ್ತದೆ ಎಂಬುದು ವಾಹನ ಮಾಲೀಕರಲ್ಲಿ ಬೇರೂರಿರುವ ನಂಬಿಕೆ.

ಯಂತ್ರಜ್ಞ: ಕಂಪ್ರೆಶನ್ ಹಿಡಿದಿಡುವುದು ಮುಖ್ಯವಾಗಿ ರಿಂಗ್‌ಗಳ ಕೆಲಸವಾದುದರಿಂದ ಆ ನಂಬಿಕೆ ನಿಲ್ಲುವುದಿಲ್ಲ. ಯೆಜ್ಡಿಯ ಸಿಲಿಂಡರಿನ ಒಳವ್ಯಾಸ 65 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ.; ಒಟ್ಟು ಗಾತ್ರ ಸುಮಾರು 249 ಘನ ಸೆಂ.ಮೀ. ಗೋಡೆ ಎರಕದ ಕಬ್ಬಿಣದ್ದು, ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಪಿಸ್ಟನ್ನಿನ ಮಿಶ್ರಲೋಹವು ಪ್ರತಿ ಡಿಗ್ರಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 20 ಭಾಗ ಹಿಗ್ಗಿದರೆ ಎರಕದ ಕಬ್ಬಿಣ ಹಿಗ್ಗುವುದು ಸುಮಾರು 11 ಭಾಗ ಮಾತ್ರ. ಎರಡೂ 100 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿವೆ ಎಂದುಕೊಂಡರೂ ಪಿಸ್ಟನ್ 0.13 ಮಿ.ಮೀ. ಹಿಗ್ಗುತ್ತದೆ, ಸಿಲಿಂಡರ್ 0.07 ಮಿ.ಮೀ. ಹಿಗ್ಗುತ್ತದೆ, ಹಾಗಾಗಿ ತಣ್ಣಗಿದ್ದಾಗ ಇದ್ದ ಅಂತರದಲ್ಲಿ 0.06 ಮಿ.ಮೀ. ಕರಗಿಹೋಗುತ್ತದೆ. ವಾಸ್ತವದಲ್ಲಿ ಗೋಡೆಗೆ ಗಾಳಿ ಬಡಿದು ತಂಪು ಸಿಗುವಾಗ ಪಿಸ್ಟನ್ನಿಗೆ ಅಂಥ ಅನುಕೂಲವಿಲ್ಲದ್ದರಿಂದ ವ್ಯತ್ಯಾಸ ಇನ್ನೂ ಹೆಚ್ಚುತ್ತದೆ. ಗಜನ್ ಪಿನ್ ಹಾದುಹೋಗುವ ಭಾಗದಲ್ಲಿ ಲೋಹ ದಪ್ಪವಾಗಿರುವುದರಿಂದ ಹಿಗ್ಗುವಿಕೆ ಅಲ್ಲಿ ಅಧಿಕ. ನಾಲ್ಕು ಮೂಲೆಗಳ ಗುರುತು ಹುಟ್ಟುವುದು ಈ ಕಾರಣದಿಂದಲೇ.

ಜಿಜ್ಞಾಸು: ಅಂತರವನ್ನು ಸರಿಯಾಗಿ ಬಿಟ್ಟಿದ್ದರೂ ನಾಲ್ಕು ಮೂಲೆಗಳ ಗುರುತು ಕಾಣಿಸಿಕೊಳ್ಳುವುದುಂಟೇ?

ಯಂತ್ರಜ್ಞ: ಉಂಟು. ಎಂಜಿನ್ ಬೆಚ್ಚಗಾಗುವ ಮೊದಲೇ ಥ್ರಾಟಲನ್ನು ಪೂರ್ತಿ ತಿರುಗಿಸಿದರೆ ಪಿಸ್ಟನ್ ಕೆಲವೇ ಕ್ಷಣಗಳಲ್ಲಿ ಹಿಗ್ಗುತ್ತದೆ, ಆದರೆ ಗೋಡೆ ಇನ್ನೂ ತಣ್ಣಗೇ ಇರುತ್ತದೆ. ಶೀತದೇಶಗಳಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳ ಟೂ-ಸ್ಟ್ರೋಕ್ ಎಂಜಿನ್‌ಗಳಲ್ಲಿ ಇದು ಬಹಳ ಪರಿಚಿತವಾದ ದೋಷವಾಗಿದ್ದು, ತಣ್ಣನೆಯ ಸೀಜ್ ಎಂದೇ ಅದನ್ನು ಗುರುತಿಸುತ್ತಾರೆ. ಬೆಂಗಳೂರಿನಲ್ಲಿ ಅಂಥ ಚಳಿ ಇಲ್ಲವಾದರೂ ಬಸವೇಶ್ವರನಗರದ ಮನೆಯಿಂದ ಬೆಳಗ್ಗೆ ಕಿಕ್ ಹೊಡೆದ ಮರುಕ್ಷಣವೇ ವೆಸ್ಟ್ ಆಫ್ ಕಾರ್ಡ್ ರಸ್ತೆಯ ಏರಿನಲ್ಲಿ ಎಂಜಿನ್ನಿಗೆ ಪೂರ್ಣ ಹೊರೆ ಹಾಕುವ ಅಭ್ಯಾಸವು ಹೊಸ ಪಿಸ್ಟನ್ನಿಗೆ ಅದೇ ಅಪಾಯವನ್ನು ತಂದೊಡ್ಡುತ್ತದೆ. ಆದ್ದರಿಂದ ನಾಲ್ಕು ಮೂಲೆಗಳ ಗುರುತು ಕಂಡಾಗ ಬೋರಿಂಗ್ ಮಾಡಿದವರನ್ನು ದೂರುವ ಮೊದಲು ಅಂತರವನ್ನು ಅಳೆಯಬೇಕು. ಅಳತೆ ಸರಿಯಿದ್ದರೆ ಚಾಲನೆಯ ಕ್ರಮವನ್ನು ವಿಚಾರಿಸಬೇಕು.

ಜಿಜ್ಞಾಸು: ಗ್ಯಾರೇಜುಗಳಲ್ಲಿ ಅಂತರವನ್ನು ಪರೀಕ್ಷಿಸುವ ಸುಲಭ ಪದ್ಧತಿಯೊಂದಿದೆ. ಎಣ್ಣೆ ಸವರಿದ ಪಿಸ್ಟನ್ನನ್ನು ಬ್ಲಾಕಿನೊಳಗೆ ಬಿಟ್ಟಾಗ ಅದು ತನ್ನ ಭಾರಕ್ಕೇ ನಿಧಾನವಾಗಿ ಜಾರಿ ಇಳಿಯಬೇಕು ಎನ್ನುತ್ತಾರೆ. ಅನುಭವಿಗಳ ಈ ಕೈಯಂದಾಜು ಸಾಲದೇ?

ಯಂತ್ರಜ್ಞ: ಆ ಪರೀಕ್ಷೆಗೆ ಬೆಲೆಯಿದೆ, ಅತಿ ಬಿಗಿಯನ್ನು ಅದು ಕೂಡಲೇ ಹಿಡಿದುಕೊಡುತ್ತದೆ. ಆದರೆ ಸಿಲಿಂಡರ್ ದುಂಡಗಿದೆಯೇ, ಮೇಲಿನಿಂದ ಕೆಳಗಿನವರೆಗೆ ಒಂದೇ ವ್ಯಾಸವಿದೆಯೇ ಎಂಬುದನ್ನು ಅದು ಹೇಳಲಾರದು. ಅದಕ್ಕಾಗಿ ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ ಎಂಬ ಮೂರು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲೂ ಪರಸ್ಪರ ಲಂಬವಾದ ಎರಡು ದಿಕ್ಕುಗಳಲ್ಲಿ ಅಳೆಯಬೇಕು. ಪಿಸ್ಟನ್ನನ್ನು ಮೈಕ್ರೊಮೀಟರಿನಿಂದ ಅಳೆಯುವಾಗಲೂ ಎಚ್ಚರ ಅಗತ್ಯ, ಏಕೆಂದರೆ ಬಿಸಿಯಲ್ಲಿ ಸಮನಾಗಿ ಹೊಂದಿಕೊಳ್ಳಲೆಂದು ಅದನ್ನು ತುಸು ಅಂಡಾಕಾರವಾಗಿಯೂ ತಲೆಯ ಕಡೆಗೆ ಕಿರಿದಾಗಿಯೂ ತಯಾರಿಸಿರುತ್ತಾರೆ. ಗಜನ್ ಪಿನ್ನಿಗೆ ಲಂಬವಾಗಿ, ಸ್ಕರ್ಟಿನ ಕೆಳಭಾಗದಲ್ಲಿ, ತಯಾರಕರು ಸೂಚಿಸಿದ ಎತ್ತರದಲ್ಲಿ ತೆಗೆದ ಅಳತೆಯೇ ಲೆಕ್ಕಕ್ಕೆ ಬರುತ್ತದೆ. ಬೇರೆಡೆ ಅಳೆದವರಿಗೆ ಸರಿಯಾದ ಪಿಸ್ಟನ್ನೂ ಸವೆದಂತೆ ತೋರುತ್ತದೆ.

ಜಿಜ್ಞಾಸು: ಬೋರ್ ಗೇಜ್ ಇಲ್ಲದ ಸಣ್ಣ ಗ್ಯಾರೇಜಿನವರು ಏನು ಮಾಡಬೇಕು?

ಯಂತ್ರಜ್ಞ: ರಿಂಗನ್ನೇ ಅಳತೆಗೋಲಾಗಿ ಬಳಸಬಹುದು. ರಿಂಗಿನ ಎರಡು ತುದಿಗಳ ನಡುವೆ ಬಿಡುವ ಸಂದಿಗೆ ಎಂಡ್ ಗ್ಯಾಪ್ ಎನ್ನುತ್ತಾರೆ. ಬೇರೆ ಸೂಚನೆ ಇಲ್ಲದಿದ್ದಾಗ ಒಂದು ಇಂಚು ವ್ಯಾಸಕ್ಕೆ ಒಂದು ಇಂಚಿನ ಸಾವಿರದಲ್ಲಿ 4 ಭಾಗ ಎಂಬ ರೂಢಿಯ ಪ್ರಕಾರ 65 ಮಿ.ಮೀ. ಸಿಲಿಂಡರಿಗೆ ಅದು ಸುಮಾರು 0.26 ಮಿ.ಮೀ. ಆಗುತ್ತದೆ. ರಿಂಗನ್ನು ಪಿಸ್ಟನ್ನಿಲ್ಲದೆ ಸಿಲಿಂಡರಿನೊಳಗೆ ನೇರವಾಗಿ ಕೂರಿಸಿ, ಸವೆಯದ ಕೆಳಭಾಗದಲ್ಲಿ ಒಮ್ಮೆ, ರಿಂಗ್ ಓಡಾಡುವ ಮೇಲ್ಭಾಗದಲ್ಲಿ ಒಮ್ಮೆ, ಫೀಲರ್ ಗೇಜಿನಿಂದ ಸಂದಿಯನ್ನು ಅಳೆಯಬೇಕು. ಪರಿಧಿಯು ವ್ಯಾಸದ 3.14 ಪಟ್ಟು ಇರುವುದರಿಂದ ಎರಡು ಸಂದಿಗಳ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ವ್ಯಾಸದ ವ್ಯತ್ಯಾಸ ಸಿಗುತ್ತದೆ: ಸಂದಿ 0.31 ಮಿ.ಮೀ. ಹೆಚ್ಚಿದ್ದರೆ ಸಿಲಿಂಡರ್ ಮೇಲ್ಗಡೆ 0.10 ಮಿ.ಮೀ. ಅಗಲವಾಗಿದೆ. ಅಗ್ಗದ ಫೀಲರ್ ಗೇಜಿನಿಂದಲೇ ನಡೆಸಬಹುದಾದ ಈ ಪರೀಕ್ಷೆಯನ್ನು ಬಿಟ್ಟುಬಿಡಲು ಯಾವ ನೆಪವೂ ಇಲ್ಲ.

ಜಿಜ್ಞಾಸು: ಅಂತರ ಸರಿಯಿದೆ, ಏರ್ ಫಿಲ್ಟರ್ ಹೊಸದು, ಆದರೂ ಪಿಸ್ಟನ್ ಸುತ್ತಲೂ ಮಾಸಿ ರಿಂಗಿನ ಹೊರಮೈ ಬೂದುಬಣ್ಣವಾಗಿದೆ ಎಂದಿಟ್ಟುಕೊಂಡರೆ?

ಯಂತ್ರಜ್ಞ: ಆಗ ದೋಷ ಬಹುಮಟ್ಟಿಗೆ ಪುನರ್ನಿರ್ಮಾಣದ ದಿನವೇ ಒಳಸೇರಿರುತ್ತದೆ. ಬೋರಿಂಗ್ ಆದ ಗೋಡೆಗೆ ಎಣ್ಣೆ ಹಿಡಿದಿಡುವ ಶಕ್ತಿ ಬರಲೆಂದು ಸಾಣೆಕಲ್ಲುಗಳಿಂದ ಒಂದನ್ನೊಂದು ಕತ್ತರಿಸುವ ಓರೆಗೆರೆಗಳನ್ನು ಮೂಡಿಸುವ ಕ್ರಿಯೆಗೆ ಹೋನಿಂಗ್ ಎಂದು ಹೆಸರು. ಆ ಕಲ್ಲಿನ ಪುಡಿ ಗೆರೆಗಳ ಆಳದಲ್ಲಿ ಕುಳಿತಿರುತ್ತದೆ. ಪೆಟ್ರೋಲಿನಿಂದ ತೊಳೆದರೆ ಎಣ್ಣೆ ಹೋಗುತ್ತದೆಯೇ ವಿನಾ ಪುಡಿ ಪೂರ್ತಿ ಹೋಗುವುದಿಲ್ಲ. ಬಿಸಿನೀರು, ಸಾಬೂನು ಮತ್ತು ಬ್ರಷ್‌ನಿಂದ ಉಜ್ಜಿ, ಎಣ್ಣೆ ಹಚ್ಚಿದ ಬಿಳಿಬಟ್ಟೆಯಿಂದ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ತೊಳೆಯಬೇಕು. ಇದರೊಂದಿಗೆ ಬೋರಿಂಗ್‌ನಿಂದ ಹರಿತವಾದ ಕಿಂಡಿಗಳ ಅಂಚುಗಳನ್ನು ಸಣ್ಣದಾಗಿ ಮಟ್ಟಸ ಮಾಡದಿದ್ದರೆ ರಿಂಗ್ ಪ್ರತಿ ಬಾರಿಯೂ ಆ ಅಂಚಿಗೆ ಉಜ್ಜಿ ಹಾಳಾಗುತ್ತದೆ. ಟೂ-ಸ್ಟ್ರೋಕ್ ಪಿಸ್ಟನ್ನಿನಲ್ಲಿ ರಿಂಗಿನ ತುದಿ ಕಿಂಡಿಗೆ ಸಿಕ್ಕಿ ಮುರಿಯದಿರಲೆಂದು ಅದನ್ನು ತಿರುಗದಂತೆ ತಡೆಯುವ ಸಣ್ಣ ಪಿನ್ ಇರುವುದರಿಂದ, ಪಿಸ್ಟನ್ನನ್ನು ಹಿಂದುಮುಂದಾಗಿ ಕೂರಿಸಿಲ್ಲ ಎಂಬುದನ್ನೂ ಈ ಹಂತದಲ್ಲಿಯೇ ಖಚಿತಪಡಿಸಿಕೊಳ್ಳಬೇಕು.

ಜಿಜ್ಞಾಸು: ಮುಂಭಾಗದ ಸೀಜ್ ಬಗ್ಗೆ ಹೇಳುವಾಗ ಪೆಟ್ರೋಲ್ ಕಡಿಮೆಯಾದ ಮಿಶ್ರಣದ ಮಾತು ಬಂದಿತು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಜೆಟ್ಟನ್ನು ಬದಲಿಸದೆಯೇ ಇದ್ದಾಗ ಮಿಶ್ರಣ ತಾನಾಗಿ ಬದಲಾಗುವುದು ಹೇಗೆ?

ಯಂತ್ರಜ್ಞ: ಗ್ಯಾರೇಜಿನವರು ಲೀನ್ ಎನ್ನುವ ಈ ಮಿಶ್ರಣಕ್ಕೆ ಕನಿಷ್ಠ ಮೂರು ದಾರಿಗಳಿವೆ. ಮೊದಲನೆಯದು ಆಯಿಲ್ ಸೀಲ್. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಮಿಶ್ರಣವು ಕ್ರ್ಯಾಂಕ್‌ಕೇಸ್ ಮೂಲಕ ಹಾದುಬರುವುದರಿಂದ ಆ ಪೆಟ್ಟಿಗೆ ಗಾಳಿಯಾಡದಂತೆ ಭದ್ರವಾಗಿರಬೇಕು. ಡೈನಮೊ ಕಡೆಯ ಸೀಲ್ ಗಟ್ಟಿಯಾಗಿ ಬಿರುಕುಬಿಟ್ಟರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ಲೀನ್ ಆಗುತ್ತದೆ. ಕ್ಲಚ್ ಕಡೆಯ ಸೀಲ್ ಕೆಟ್ಟರೆ ಗೇರ್ ಆಯಿಲ್ ಒಳಗೆ ಹೀರಲ್ಪಟ್ಟು ಹೊಗೆ ದಟ್ಟವಾಗುತ್ತದೆ, ಪ್ಲಗ್ ಒದ್ದೆಯಾಗುತ್ತದೆ. ಹಾಫ್ ಎಂಜಿನ್ ಕೆಲಸದಲ್ಲಿ, ಎಂದರೆ ಬ್ಲಾಕ್ ಮತ್ತು ಪಿಸ್ಟನ್ನಿಗೆ ಮಾತ್ರ ಸೀಮಿತವಾದ ದುರಸ್ತಿಯಲ್ಲಿ, ಸೀಲ್‌ಗಳನ್ನು ಮುಟ್ಟುವುದೇ ಇಲ್ಲವಾದುದರಿಂದ ಹೊಸ ಪಿಸ್ಟನ್ ಹಳೆಯ ದೋಷಕ್ಕೆ ಬಲಿಯಾಗುತ್ತದೆ. ಒಳಹರಿವಿನ ಕಿಂಡಿಯನ್ನೂ ಯೆಜ್ಡಿಯ ಎರಡು ಸೈಲೆನ್ಸರ್ ಕಿಂಡಿಗಳನ್ನೂ ಮುಚ್ಚಿ, ಚದರ ಇಂಚಿಗೆ 5–6 ಪೌಂಡ್‌ನಷ್ಟು ಗಾಳಿಯ ಒತ್ತಡ ಕೊಟ್ಟು, ಅದು ಕೆಲವು ನಿಮಿಷ ಇಳಿಯದೆ ನಿಲ್ಲುತ್ತದೆಯೇ ಎಂದು ನೋಡಿದರೆ ಈ ಸಂದೇಹ ಬಗೆಹರಿಯುತ್ತದೆ. ಸೋರುವ ಜಾಗವನ್ನು ಸಾಬೂನು ನೀರಿನ ಗುಳ್ಳೆ ತೋರಿಸಿಕೊಡುತ್ತದೆ.

ಎರಡನೆಯದು ಇಂಧನ. ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕಾದರೆ ಎಥೆನಾಲಿಗೆ ಸುಮಾರು 9 ಭಾಗ ಸಾಕು. 2025ರ ಹೊತ್ತಿಗೆ ದೇಶದ ಪಂಪುಗಳಲ್ಲಿ ಸಾಮಾನ್ಯವಾಗಿರುವ ಶೇ. 20 ಎಥೆನಾಲ್ ಮಿಶ್ರಿತ ಪೆಟ್ರೋಲಿಗೆ ಈ ಪ್ರಮಾಣ ಸುಮಾರು 13.5ಕ್ಕೆ ಇಳಿಯುತ್ತದೆ. ಹಳೆಯ ಪೆಟ್ರೋಲಿಗೆ ಹೊಂದಿಸಿದ ಜೆಟ್ಟನ್ನು ಹಾಗೆಯೇ ಬಿಟ್ಟರೆ ಮಿಶ್ರಣವು ಸುಮಾರು ಶೇ. 8ರಷ್ಟು ಲೀನ್ ಆಗಿಬಿಡುತ್ತದೆ. 1996ರಲ್ಲಿ ತಯಾರಿಕೆ ನಿಂತುಹೋದ ಎಂಜಿನ್ನಿಗೆ ಈ ಇಂಧನವನ್ನು ಎಣಿಸಿ ಜೆಟ್ ನಿರ್ಧರಿಸಿದವರು ಯಾರೂ ಇಲ್ಲ. ಪುನರ್ನಿರ್ಮಿಸುವವರೇ ಪ್ಲಗ್‌ನ ಬಣ್ಣವನ್ನು ನೋಡಿ ಅದನ್ನು ನಿರ್ಧರಿಸಬೇಕು.

ಮೂರನೆಯದು ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ತೆಳುಗಾಳಿಗೆ ಹೊಂದಿಸಿದ ಜೆಟ್ ಶಿರಾಡಿ ಘಾಟಿ ಇಳಿದು ಮಂಗಳೂರು ತಲುಪುವಷ್ಟರಲ್ಲಿ, ಗಾಳಿ ದಟ್ಟವಾದುದರಿಂದ, ಕೆಲಮಟ್ಟಿಗೆ ಲೀನ್ ಮಿಶ್ರಣ ಕೊಡುತ್ತಿರುತ್ತದೆ.

ಜಿಜ್ಞಾಸು: ಘಾಟಿ ಇಳಿಯುವಾಗ ಎಂಜಿನ್ ಕೆಲಸವನ್ನೇ ಮಾಡುವುದಿಲ್ಲ, ಆದರೂ ಟೂ-ಸ್ಟ್ರೋಕ್ ವಾಹನಗಳು ಇಳಿಜಾರಿನಲ್ಲಿಯೇ ಸೀಜ್ ಆಗುತ್ತವೆ ಎಂಬ ಮಾತು ಕೇಳಿಬರುತ್ತದೆ. ಇದಕ್ಕೆ ಆಧಾರವಿದೆಯೇ?

ಯಂತ್ರಜ್ಞ: ಖಂಡಿತವಾಗಿ ಇದೆ. ಈ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನೊಂದಿಗೆ ಬೆರೆತು. ಥ್ರಾಟಲ್ ಮುಚ್ಚಿ, ಗೇರ್‌ನಲ್ಲಿಯೇ ಇಳಿದರೆ ಪಿಸ್ಟನ್ ಅತಿವೇಗವಾಗಿ ಓಡಾಡುತ್ತಿದ್ದರೂ ಪೆಟ್ರೋಲ್ ಬಹಳ ಕಡಿಮೆ ಬರುವುದರಿಂದ ಎಣ್ಣೆಯೂ ಅಷ್ಟೇ ಕಡಿಮೆ ಸಿಗುತ್ತದೆ. ನಡುನಡುವೆ ಕ್ಲಚ್ ಹಿಡಿದು ಸ್ವಲ್ಪ ಥ್ರಾಟಲ್ ಕೊಡುತ್ತ ಇಳಿಯುವ ಹಳಬರ ಅಭ್ಯಾಸದ ಹಿಂದೆ ಇಂಥ ಸ್ಪಷ್ಟವಾದ ಯಂತ್ರತತ್ತ್ವವಿದೆ.

ಜಿಜ್ಞಾಸು: ಅಂದಮೇಲೆ ಹೊಸ ಪಿಸ್ಟನ್ನಿಗೆ ಎಣ್ಣೆಯನ್ನು ಧಾರಾಳವಾಗಿ ಬೆರೆಸಿಬಿಟ್ಟರೆ ಸುರಕ್ಷಿತವಲ್ಲವೇ?

ಯಂತ್ರಜ್ಞ: ಮಿತಿಯೊಳಗೆ ಮಾತ್ರ. ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಎಣ್ಣೆ ಎಂದರೆ 1:25, 50 ಮಿ.ಲೀ. ಎಂದರೆ 1:20. ಜೆಟ್ಟಿನಲ್ಲಿ ಹಾದುಹೋಗುವ ದ್ರವದ ಪ್ರಮಾಣ ಬಹುಮಟ್ಟಿಗೆ ನಿಶ್ಚಿತವಾಗಿರುವುದರಿಂದ ಎಣ್ಣೆ ಹೆಚ್ಚಿದಷ್ಟೂ ಅದರಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ ಮಿಶ್ರಣ ಲೀನ್ ಕಡೆಗೆ ವಾಲುತ್ತದೆ. ಮಿಗಿಲಾಗಿ ಇಂಗಾಲ ಕಟ್ಟಿ ರಿಂಗ್ ತಾನು ಕೂರುವ ತೋಡಿನಲ್ಲಿ ಅಂಟಿಕೊಳ್ಳುತ್ತದೆ. ಅಂಟಿಕೊಂಡ ರಿಂಗಿನ ಪಕ್ಕದಿಂದ ಉರಿಯುವ ಅನಿಲ ಕೆಳಕ್ಕೆ ನುಸುಳಿದಾಗ ರಿಂಗಿನ ಕೆಳಗೆ ಸ್ಕರ್ಟಿನ ಮೇಲೆ ಕಂದುಬಣ್ಣದ ಕಲೆ ಮೂಡುತ್ತದೆ. ಅದೂ ಸಾಕ್ಷ್ಯದ ಒಂದು ಭಾಗವೇ.

ಜಿಜ್ಞಾಸು: ಹೊಸ ಎಂಜಿನ್ನನ್ನು ಹದಕ್ಕೆ ತರುವ ರನ್ನಿಂಗ್-ಇನ್ ಅವಧಿಯನ್ನು ಈ ನಗರದ ಸಂಚಾರದಲ್ಲಿ ಹೇಗೆ ನಿರ್ವಹಿಸಬೇಕು?

ಯಂತ್ರಜ್ಞ: ಗಾಳಿಯಿಂದ ತಂಪಾಗುವ ಎಂಜಿನ್ನಿಗೆ ಚಲನೆಯೇ ಆಧಾರವಾದುದರಿಂದ ಮಧ್ಯಾಹ್ನದ ಮಾಗಡಿ ರಸ್ತೆಯಲ್ಲಿ ಸುಮನಹಳ್ಳಿಯವರೆಗೆ ತೆವಳುವುದು ಹೊಸ ರಿಂಗಿಗೆ ದೊಡ್ಡ ಕಷ್ಟ. ಬೆಳಗಿನ ಜಾವ ಕೆಂಗೇರಿಯಿಂದ ಬಿಡದಿಯ ಕಡೆಗೆ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸದೆ, ಹೊರೆಯನ್ನು ಆಗಾಗ ಏರಿಳಿಸುತ್ತ, ನಡುವೆ ನಿಲ್ಲಿಸಿ ಆರಲು ಬಿಡುತ್ತ ಓಡಿಸುವುದು ಉತ್ತಮ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ ದ್ವಿಚಕ್ರವಾಹನಗಳಿಗೆ ಪ್ರವೇಶವಿಲ್ಲದೆ ಸರ್ವಿಸ್ ರಸ್ತೆಯೇ ಗತಿಯಾಗಿದ್ದರೂ, ಅಲ್ಲಿನ ಏರಿಳಿತದ ವೇಗ ರನ್ನಿಂಗ್-ಇನ್‌ಗೆ ಅಷ್ಟೇನೂ ಪ್ರತಿಕೂಲವಲ್ಲ.

ಜಿಜ್ಞಾಸು: ಇಷ್ಟೆಲ್ಲ ಶ್ರಮದ ಅಗತ್ಯವನ್ನೇ ಕೊನೆಗೆ ಪ್ರಶ್ನಿಸಬೇಕಾಗುತ್ತದೆ. ಪಿಸ್ಟನ್ ಮತ್ತೆ ಸವೆದರೆ ಮತ್ತೆ ಬೋರಿಂಗ್ ಮಾಡಿಸಬಹುದು. ಅದೂ ಮುಗಿದರೆ ಸಿಲಿಂಡರಿನೊಳಗೆ ಹೊಸ ಸ್ಲೀವ್, ಎಂದರೆ ಒಳಕೊಳವೆ, ಹಾಕಿಸಬಹುದು.

ಯಂತ್ರಜ್ಞ: ಆ ಅವಕಾಶ ಅನಂತವಾದುದಲ್ಲ. ಓವರ್‌ಸೈಜ್ ಪಿಸ್ಟನ್ನುಗಳು ಸಾಮಾನ್ಯವಾಗಿ 0.25 ಮಿ.ಮೀ. ಹೆಜ್ಜೆಗಳಲ್ಲಿ 1 ಮಿ.ಮೀ.ವರೆಗೆ ಇರುತ್ತವೆ. ಕಾರಣ ತಿಳಿಯದೆ ಮಾಡಿಸಿದ ಪ್ರತಿ ಬೋರಿಂಗ್‌ನಲ್ಲೂ ಸಿಲಿಂಡರಿನ ಆಯುಷ್ಯದ ಒಂದು ಪಾಲು ಲೋಹದ ಚೂರಾಗಿ ಲೇತ್‌ನ ಕೆಳಗೆ ಬೀಳುತ್ತದೆ, ಅದನ್ನು ಮರಳಿ ಅಂಟಿಸುವ ವಿದ್ಯೆ ಯಾವ ಕಾರ್ಯಾಗಾರದಲ್ಲೂ ಇಲ್ಲ. ಸ್ಲೀವ್ ಸಾಧ್ಯವಾದರೂ ಅದರ ಕಿಂಡಿಗಳು ಮೂಲ ಕಿಂಡಿಗಳಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕು, ಬಿಸಿ ಹೊರಹೋಗಲು ಅದು ಬ್ಲಾಕಿಗೆ ಪೂರ್ತಿ ಕಚ್ಚಿಕೊಳ್ಳಬೇಕು. ಎಷ್ಟೋ ಬಾರಿ ಗೋಡೆಯ ಮೇಲೆ ಕಾಣುವ ಗಾಯ ಗಾಯವೇ ಆಗಿರುವುದಿಲ್ಲ. ಪಿಸ್ಟನ್ನಿನಿಂದ ಕಿತ್ತುಬಂದು ಮೆತ್ತಿಕೊಂಡ ಅಲ್ಯೂಮಿನಿಯಂ ಆಗಿರುತ್ತದೆ. ಕಾಸ್ಟಿಕ್ ಸೋಡಾ ದ್ರಾವಣವು ಅಲ್ಯೂಮಿನಿಯಮ್ಮನ್ನು ಕರಗಿಸಿ ಕಬ್ಬಿಣವನ್ನು ಮುಟ್ಟದೆ ಬಿಡುವುದರಿಂದ, ಕೈಗವಸು ಮತ್ತು ಕನ್ನಡಕ ಧರಿಸಿ ಆ ಗುರುತಿಗೆ ಮಾತ್ರ ಅದನ್ನು ಸವರಿ, ತೊಳೆದು, ಮತ್ತೆ ಅಳೆದಾಗ ಬೋರಿಂಗ್ ಅಗತ್ಯವೇ ಇಲ್ಲವೆಂದು ತಿಳಿಯುವುದೂ ಉಂಟು.

1961ರಲ್ಲಿ ಮೈಸೂರಿನಿಂದ ಮೋಟಾರ್‌ಸೈಕಲ್ ಹೊರತರಲು ಆರಂಭಿಸಿದ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಮುಚ್ಚಿತು. ಈಚಿನ ವರ್ಷಗಳಲ್ಲಿ ಜಾವಾ, ಯೆಜ್ಡಿ ಹೆಸರುಗಳಲ್ಲಿ ಮಾರುಕಟ್ಟೆಗೆ ಬಂದಿರುವ ವಾಹನಗಳು ಫೋರ್-ಸ್ಟ್ರೋಕ್ ಎಂಜಿನ್ನಿನವು. ಹೀಗಾಗಿ ಉಳಿದಿರುವ ಹಳೆಯ ಸಿಲಿಂಡರುಗಳ ಮೇಲ್ವಿಚಾರಣೆಯ ಹೊಣೆ ಈಗ ಕಾರ್ಖಾನೆಯಿಂದ ಕಾಮಾಕ್ಷಿಪಾಳ್ಯ, ರಾಜಾಜಿನಗರಗಳ ಬೋರಿಂಗ್ ಅಂಗಡಿಗಳಿಗೆ ವರ್ಗಾವಣೆಯಾಗಿದೆ. ಆ ಹೊಣೆಯನ್ನು ಹೊರಲು ಕೈಯ ಕೌಶಲದೊಂದಿಗೆ ಬರೆದಿಟ್ಟ ಅಳತೆಯೂ ಬೇಕು. ಪ್ರತಿ ಪುನರ್ನಿರ್ಮಾಣದ ದಿನ ಸಿಲಿಂಡರಿನ ಆರು ಅಳತೆಗಳು, ಪಿಸ್ಟನ್ನಿನ ವ್ಯಾಸ, ರಿಂಗಿನ ಸಂದಿ, ಸೀಲ್ ಪರೀಕ್ಷೆಯ ಫಲಿತಾಂಶ, ಜೆಟ್ಟಿನ ಸಂಖ್ಯೆ, ಎಣ್ಣೆಯ ಪ್ರಮಾಣ ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಮಾಲೀಕರಿಗೆ ಒಂದು ಪ್ರತಿ ಕೊಟ್ಟು, ತೆಗೆದ ಪಿಸ್ಟನ್ನನ್ನು ಮುಂಭಾಗ ಯಾವುದೆಂದು ಗುರುತು ಹಾಕಿ ಜೋಪಾನವಾಗಿಟ್ಟರೆ, ಮುಂದೆ ಅದೇ ಎಂಜಿನ್ನನ್ನು ಬಿಚ್ಚುವವರು ಊಹೆಯಿಂದ ಆರಂಭಿಸಬೇಕಾಗುವುದಿಲ್ಲ. ಸವೆತವೆಂದರೆ ಎರಡು ಅಳತೆಗಳ ವ್ಯತ್ಯಾಸ. ಮೊದಲ ಅಳತೆಯೇ ಇಲ್ಲದಿದ್ದಲ್ಲಿ ಎರಡನೆಯದನ್ನು ಎಷ್ಟು ಸೂಕ್ಷ್ಮವಾಗಿ ತೆಗೆದರೂ ಅದು ಯಾವ ಪ್ರಶ್ನೆಗೂ ಪೂರ್ಣವಾದ ಉತ್ತರ ಕೊಡಲಾರದು.